ಆಫ್ರಿಕಾದ ತತ್ವಶಾಸ್ತ್ರಕ್ಕೆ ಯಾವ ಭಾಷೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ತತ್ವಶಾಸ್ತ್ರ ಓದಲು ಕೂತವರು ಬಹಳ ಬೇಗ ಎಡವುವ ಕಲ್ಲು ಒಂದಿದೆ. ಪುಸ್ತಕದ ತುಂಬ ಅಕಾನ್, ಯೊರುಬಾ, ರುವಾಂಡಾ ಜನರ ವಿಚಾರ ಇರುತ್ತದೆ. ಪುಸ್ತಕ ಮಾತ್ರ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಇರುತ್ತದೆ. ಇದು ಹೇಗೆ ಅಂತ ಕೇಳಿದರೆ ಅರವತ್ತು ವರ್ಷದ ಜಗಳ ಒಂದು ತೆರೆದುಕೊಳ್ಳುತ್ತದೆ. ಆ ಜಗಳದಲ್ಲಿ ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಭಾಷೆ ಯಾವುದಾದರೇನು? ವಿಚಾರ ತಾನೇ ಮುಖ್ಯ?

ಲೆಕ್ಕದ ವಿಷಯದಲ್ಲಿ ಈ ಮಾತು ಸುಮಾರಾಗಿ ಸರಿ. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಅನ್ನಲು ಯಾವ ಭಾಷೆಯೂ ಅಡ್ಡ ಬರುವುದಿಲ್ಲ. ಆದರೆ ತತ್ವಶಾಸ್ತ್ರದ ಕಚ್ಚಾ ಸಾಮಾನೇ ಮಾತು. 'ನಿಜ', 'ಇರುವುದು', 'ಗೊತ್ತು', 'ಮನಸ್ಸು' ಅನ್ನುವಂಥ ಪದಗಳನ್ನು ಬಿಚ್ಚಿ ನೋಡುವುದೇ ಅಲ್ಲಿನ ಕೆಲಸ.

ಒಂದು ಉದಾಹರಣೆ. ಫ್ರಾನ್ಸಿನ ತತ್ವಜ್ಞಾನಿ ಡೇಕಾರ್ಟ್ 1637ರಲ್ಲಿ ಹೇಳಿದ ಮಾತು ಎಲ್ಲರಿಗೂ ಗೊತ್ತು: ನಾನು ಯೋಚಿಸುತ್ತೇನೆ, ಆದ್ದರಿಂದ ನಾನಿದ್ದೇನೆ. ಇದನ್ನು ಘಾನಾ ದೇಶದ ಅಕಾನ್ ಭಾಷೆಗೆ ತರಲು ಹೊರಟರೆ ತೊಡಕು ಶುರು. ಅಲ್ಲಿ 'ಇರುವುದು' ಅನ್ನಲು 'ವೊ ಹೊ' ಅನ್ನುತ್ತಾರೆ. 'ಹೊ' ಅಂದರೆ ಅಲ್ಲಿ. ಅಂದರೆ ಇರುವುದು ಅಂದರೇನೇ ಒಂದು ಜಾಗದಲ್ಲಿ ಇರುವುದು. ಡೇಕಾರ್ಟನ ಮಾತು 'ಯೋಚಿಸುತ್ತೇನೆ, ಆದ್ದರಿಂದ ಅಲ್ಲಿದ್ದೇನೆ' ಅಂತಾಗುತ್ತದೆ. ಅವನಿಗೆ ಬೇಕಾಗಿದ್ದದ್ದು ಮೈಯೂ ಇಲ್ಲದ, ಜಾಗವೂ ಬೇಡದ ಬರೀ 'ನಾನು'. ಅಕಾನ್ ಮಾತು ಅವನು ಬಾಯಿ ತೆರೆದ ಕೂಡಲೇ 'ಎಲ್ಲಿ?' ಅಂತ ಕೇಳಿಬಿಡುತ್ತದೆ.

ನಮಗೂ ಇದು ಅಷ್ಟೇನೂ ಹೊಸದಲ್ಲ. ಫೋನಿನಲ್ಲಿ ಮಾತಾಡುವಾಗ ಆ ಕಡೆಯವರು ಸುಮ್ಮನಾದರೆ "ಇದ್ದೀರಾ?" ಅಂತೀವಿ. "ಇದ್ದೀನಿ, ಹೇಳಿ" ಅಂತ ಉತ್ತರ ಬರುತ್ತದೆ. ಅಲ್ಲಿ ಯಾರೂ ತಮ್ಮ ಅಸ್ತಿತ್ವವನ್ನು ಸಾಬೀತು ಮಾಡುತ್ತಿಲ್ಲ, ಲೈನಿನಲ್ಲಿ ಇದ್ದೇನೆ ಅಂತ ಹೇಳುತ್ತಿದ್ದಾರೆ ಅಷ್ಟೇ.

ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ಯಾರು?

ಕ್ವಾಸಿ ವಿರೆಡು. ಹುಟ್ಟಿದ್ದು 1931ರಲ್ಲಿ, ಘಾನಾದ ಕುಮಾಸಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಹತ್ತಿರ ಓದಿದರು. ಅಕ್ರಾದ ಲೆಗೊನ್‌ನಲ್ಲಿ ಇರುವ ಘಾನಾ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಪಾಠ ಮಾಡಿ, ಆಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋದರು. 2022ರಲ್ಲಿ ತೀರಿಕೊಂಡರು.

ಇಂಗ್ಲಿಷಿನಲ್ಲಿ ತತ್ವಶಾಸ್ತ್ರ ಕಲಿತವರ ತಲೆಯೊಳಗೆ ಇಂಗ್ಲಿಷಿನ ತೊಡಕುಗಳೂ ಬಂದು ಕೂತಿರುತ್ತವೆ, ಬಂದದ್ದು ಅವರಿಗೇ ಗೊತ್ತಾಗುವುದಿಲ್ಲ ಅನ್ನುವುದು ಅವರ ಚಿಂತೆ. ಅದಕ್ಕೆ ಅವರು ಹೇಳಿದ ಮದ್ದು ಬಹಳ ಸರಳ. ಯಾವ ಸಮಸ್ಯೆ ಎದುರಾದರೂ ಅದನ್ನು ನಿಮ್ಮ ಮನೆಮಾತಿನಲ್ಲಿ ಒಮ್ಮೆ ಹೇಳಿ ನೋಡಿ. ಅಲ್ಲೂ ಸಮಸ್ಯೆ ಹಾಗೇ ನಿಂತರೆ ಅದು ಎಲ್ಲರ ಸಮಸ್ಯೆ ಇರಬಹುದು. ಕರಗಿ ಹೋದರೆ ಅದು ಆ ಇನ್ನೊಂದು ಭಾಷೆಯ ಸಮಸ್ಯೆ ಆಗಿರಬಹುದು. ಇದಕ್ಕೆ ಅವರು ಇಟ್ಟ ಹೆಸರು ಪರಿಕಲ್ಪನೆಗಳ ವಸಾಹತು ಬಿಡಿಸುವುದು. ಹೆಸರು ಭಾರ, ಕೆಲಸ ಹಗುರ. ಈ ಇಡೀ ಜಗಳದಲ್ಲಿ ನನಗೆ ಹೆಚ್ಚು ಕೈಗೆ ಹತ್ತಿದ ಸಲಕರಣೆ ಇದೇ.

ಕರಗಿ ಹೋದ ಸಮಸ್ಯೆ ಒಂದನ್ನು ತೋರಿಸಿ, ನೋಡೋಣ.

'ಸತ್ಯ ಅಂದರೆ ವಾಸ್ತವಕ್ಕೆ ಹೊಂದುವ ಮಾತು' ಅಂತ ಒಂದು ಹಳೇ ಸಿದ್ಧಾಂತ ಇದೆ. ಇಂಗ್ಲಿಷಿನಲ್ಲಿ ಸತ್ಯಕ್ಕೆ ಒಂದು ಪದ, ವಾಸ್ತವ ಸಂಗತಿಗೆ ಬೇರೆ ಪದ. ಹಾಗಾಗಿ ಎರಡರ ನಡುವೆ ನಂಟು ಏನು ಅಂತ ಪುಟಗಟ್ಟಲೆ ವಾದ ನಡೆದಿದೆ. ವಿರೆಡು ಇದನ್ನು ಅಕಾನಿಗೆ ತಂದರು. ಅಲ್ಲಿ 'ಇದು ಸತ್ಯ' ಅನ್ನಲು 'ಎತೆ ಸಾ' ಅನ್ನುತ್ತಾರೆ. ಅಂದರೆ 'ಇದು ಹಾಗಿದೆ'. ವಾಸ್ತವ ಸಂಗತಿ ಅನ್ನಲೂ ಅದೇ ಮಾತು, 'ಹಾಗಿರುವುದು'. ಈಗ ಆ ಸಿದ್ಧಾಂತವನ್ನು ಅಕಾನಿನಲ್ಲಿ ಹೇಳಿ: ಒಂದು ಮಾತು ಹಾಗಿದ್ದರೆ, ಅದು ಹಾಗಿದೆ. ಹಳ್ಳಿಯ ಹಿರಿಯರ ಮುಂದೆ ಹೀಗಂದರೆ, ಸರಿ ಕಣಪ್ಪಾ, ಮುಂದೆ ಹೇಳು ಅನ್ನುತ್ತಾರೆ. ಹೊಸದಾಗಿ ಏನೂ ಹೇಳಿದಂತಾಗಿಲ್ಲ.

ಹಾಗಂತ ಸತ್ಯದ ಪ್ರಶ್ನೆಯೇ ಸುಳ್ಳು ಅಂತ ವಿರೆಡು ಹೇಳಲಿಲ್ಲ. ನಾವು ಅಂದುಕೊಂಡದ್ದಕ್ಕೂ ಇರುವುದಕ್ಕೂ ಏನು ಸಂಬಂಧ ಅನ್ನುವ ಪ್ರಶ್ನೆ ಅಕಾನಿನಲ್ಲೂ ಉಳಿಯುತ್ತದೆ. ಇಂಗ್ಲಿಷಿನ ಎರಡು ಪದಗಳ ನಡುವಿನ ಪಂಚಾಯ್ತಿ ಮಾತ್ರ ಬಿದ್ದು ಹೋಗುತ್ತದೆ.

ಇನ್ನೊಂದು ಪದವೂ ಇದೆ, 'ನೊಕ್ವಾರೆ'. ಸತ್ಯ ನುಡಿಯುವ ಗುಣಕ್ಕೆ ಅದು ಹೆಸರು. ಬಿಡಿಸಿದರೆ 'ಒಂದೇ ಬಾಯಿ' ಅಂತ ಅರ್ಥ ಬರುತ್ತದೆ ಅನ್ನುತ್ತಾರೆ ವಿರೆಡು. 'ಅವನಿಗೆ ಎರಡು ನಾಲಿಗೆ' ಅಂತ ಬೈಯುವ ನಮಗೆ ಇದನ್ನು ಬಿಡಿಸಿ ಹೇಳುವುದು ಬೇಡ, ಅಲ್ವಾ?

ಹಾಗಾದರೆ ವ್ಯಾಕರಣ ಕೆದಕಿದರೆ ತತ್ವಶಾಸ್ತ್ರ ಸಿಕ್ಕಿಬಿಡುತ್ತದಾ?

ಸಿಗುತ್ತದೆ ಅಂತ ನಂಬಿದವರಿದ್ದರು. ರುವಾಂಡಾದ ಅಲೆಕ್ಸಿಸ್ ಕಗಾಮೆ ಕ್ಯಾಥೊಲಿಕ್ ಪಾದ್ರಿ, ಕವಿ, ಇತಿಹಾಸಕಾರ. 1956ರಲ್ಲಿ ಅವರು ಕಿನ್ಯರ್ವಾಂಡಾ ಭಾಷೆಯ ಒಳಗಿಂದಲೇ 'ಇರುವುದರ' ತತ್ವ ಎತ್ತಿ ತೋರಿಸಲು ಹೊರಟರು. ಕಿನ್ಯರ್ವಾಂಡಾ ಸೇರಿರುವ ಬಂಟು ಗುಂಪಿನ ಭಾಷೆಗಳಲ್ಲಿ ನಾಮಪದಗಳಿಗೆ ಮುಂದೆ ಒಂದು ತುಣುಕು ಅಂಟಿರುತ್ತದೆ, ಅದರಿಂದ ಪದ ಯಾವ ಗುಂಪಿನದು ಅಂತ ಗೊತ್ತಾಗುತ್ತದೆ. 'ನ್ತು' ಅನ್ನುವ ಬೇರು ಹಿಡಿದು ಕಗಾಮೆ ನಾಲ್ಕು ಪದ ಆರಿಸಿದರು: ಉಮುಂತು, ಬುದ್ಧಿ ಇರುವ ಜೀವ. ಇಕಿಂತು, ಬುದ್ಧಿ ಇಲ್ಲದ ವಸ್ತು. ಅಹಂತು, ಜಾಗ ಮತ್ತು ಹೊತ್ತು. ಉಕುಂತು, ರೀತಿ. ಲೋಕದಲ್ಲಿರುವ ಎಲ್ಲವೂ ಈ ನಾಲ್ಕರಲ್ಲಿ ಒಂದು ಅಂದರು.

ಓದುವಾಗ ತುಂಬ ಚಂದ. ನನಗೂ ಮೊದಲ ಸಲ ರೋಮಾಂಚನ ಆಗಿತ್ತು. ಆದರೆ ಕೂತು ಯೋಚಿಸಿದರೆ ಸಂಶಯ ಬರುತ್ತದೆ. ಕನ್ನಡದಲ್ಲಿ ನಾಯಿ, ಕಲ್ಲು, ಮಗು ಎಲ್ಲಕ್ಕೂ 'ಅದು' ಅನ್ನುತ್ತೇವೆ. ಮಗುವಿಗೂ ಕಲ್ಲಿಗೂ ವ್ಯತ್ಯಾಸ ಇಲ್ಲ ಅಂತ ಕನ್ನಡಿಗರು ನಂಬುತ್ತಾರೆ ಅಂತ ಯಾರಾದರೂ ಬರೆದರೆ? ಗಂಟಲು ಕಟ್ಟುವಷ್ಟು ನಗುತ್ತೇವೆ. ವ್ಯಾಕರಣ ಒಂದು ಸುಳಿವು ಕೊಡಬಹುದು, ಸಾಕ್ಷಿ ಹೇಳುವುದಿಲ್ಲ. ಕಗಾಮೆಗೆ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಅವರು ಮಾದರಿಯಾಗಿ ಇಟ್ಟುಕೊಂಡದ್ದು ಅರಿಸ್ಟಾಟಲ್‌ನನ್ನು. ಇರುವುದನ್ನೆಲ್ಲ ವಿಂಗಡಿಸಿದ ಆ ಅರಿಸ್ಟಾಟಲ್‌ನ ಹತ್ತು ವಿಭಾಗಗಳೂ ಗ್ರೀಕ್ ವ್ಯಾಕರಣದ ನೆರಳೇ ಅಂತ ಎಮಿಲ್ ಬೆನ್ವೆನಿಸ್ಟ್ ಅನ್ನುವ ಭಾಷಾಶಾಸ್ತ್ರಜ್ಞ 1958ರಲ್ಲಿ ವಾದಿಸಿದ್ದರು. ಅಂದರೆ ಇದು ಬರೀ ಆಫ್ರಿಕಾದವರ ತಪ್ಪಲ್ಲ.

ಕೀನ್ಯಾದ ಜಾನ್ ಎಂಬಿಟಿ 1969ರಲ್ಲಿ ಇದಕ್ಕಿಂತ ದೊಡ್ಡ ಗದ್ದಲ ಎಬ್ಬಿಸಿದರು. ತಮ್ಮ ಕಿಕಾಂಬಾ ಭಾಷೆಯ ಕ್ರಿಯಾಪದಗಳಲ್ಲಿ ಮುಂದಿನ ಕಾಲ ಎರಡು ವರ್ಷ ದಾಟುವುದಿಲ್ಲ, ಹಾಗಾಗಿ ಆಫ್ರಿಕಾದವರ ಹಳೇ ಚಿಂತನೆಯಲ್ಲಿ ದೂರದ ಭವಿಷ್ಯವೇ ಇಲ್ಲ ಅಂದರು. ಒಂದು ಭಾಷೆಯಿಂದ ಇಡೀ ಖಂಡಕ್ಕೆ ಜಿಗಿತ. ಅಕಾನ್ ಜನ ಹಾಗಿಲ್ಲ ಅಂತ ಘಾನಾದ ತತ್ವಜ್ಞಾನಿ ಕ್ವಾಮೆ ಜೆಚೆ ತಕರಾರು ಎತ್ತಿದರು. ತಮಾಷೆ ಅಂದರೆ ಕಾಲಕ್ಕೆ ಎಂಬಿಟಿ ಬಳಸಿದ್ದು 'ಸಾಸಾ' (ಈಗ), 'ಜಮಾನಿ' (ಹಿಂದಿನ ಕಾಲ) ಅನ್ನುವ ಸ್ವಾಹಿಲಿ ಪದಗಳನ್ನು. ಆ ಜಮಾನಿ ಅರಬ್ಬಿಯಿಂದ ಬಂದದ್ದು. ನಮ್ಮ ಅಜ್ಜ "ನಮ್ಮ ಜಮಾನಾದಲ್ಲಿ" ಅನ್ನುತ್ತಿದ್ದರಲ್ಲ, ಅದೇ.

ಒಂದೇ ಭಾಷೆಯವರು ಒಂದೇ ಥರ ಯೋಚಿಸುತ್ತಾರಾ?

ಇಲ್ಲ. ವಿರೆಡು, ಜೆಚೆ ಇಬ್ಬರ ಮನೆಮಾತೂ ಅಕಾನ್. 'ಒಕ್ರಾ' ಅನ್ನುವ ಒಂದೇ ಪದದ ಮೇಲೆ ಇಬ್ಬರೂ ವರ್ಷಗಟ್ಟಲೆ ಜಗಳ ಆಡಿದರು. ಒಕ್ರಾ ಅಂದರೆ ದೇವರಿಂದ ಮನುಷ್ಯನಿಗೆ ಬಂದ ಜೀವದ ಕಿಡಿ, ಹಣೆಬರಹವನ್ನು ಹೊತ್ತು ತರುವಂಥದ್ದು. ಅದಕ್ಕೆ ಮೈಯ ಸೋಂಕೇ ಇಲ್ಲ ಅಂದರು ಜೆಚೆ. ಅದು ಅರೆಬರೆ ಮೈಯುಳ್ಳದ್ದು, ವಿಶೇಷ ದೃಷ್ಟಿ ಇದ್ದವರ ಕಣ್ಣಿಗೆ ಕಾಣುವಂಥದ್ದು ಅಂದರು ವಿರೆಡು. ಭಾಷೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಅನ್ನುವವರಿಗೆ ಈ ಜಗಳ ಒಂದೇ ಸಾಕು. ಮನೆಮಾತು ಒಂದೇ ಆದ ಮಾತ್ರಕ್ಕೆ ಒಪ್ಪಿಗೆ ಹುಟ್ಟುವುದಿಲ್ಲ. ಆದರೆ ಜಗಳ ಸರಿಯಾದ ಪದದ ಮೇಲೆ ನಡೆಯುತ್ತದೆ.

ಕನ್ನಡದವರಿಗೆ ಬೇಗ ಅರ್ಥವಾಗುವ ಉದಾಹರಣೆ ಇದೆಯಾ?

ಇದೆ. ನೈಜೀರಿಯಾದ ಯೊರುಬಾದ್ದು. ಬ್ಯಾರಿ ಹ್ಯಾಲೆನ್ ಮತ್ತು ಒಲುಬಿ ಸೊಡಿಪೊ ಅನ್ನುವ ತತ್ವಶಾಸ್ತ್ರದ ವಿದ್ವಾಂಸರು ಇಫೆ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿನ ನಾಟಿ ವೈದ್ಯರ ಜೊತೆ ಕೂತು ಎರಡು ಪದಗಳ ಬಗ್ಗೆ ಮಾತಾಡಿಸಿದರು. 'ಮೊ' ಅಂದರೆ ಗೊತ್ತಿರುವುದು. 'ಗ್ಬಾಗ್ಬೊ' ಅಂದರೆ ನಂಬುವುದು ಅಂತ ನಿಘಂಟು ಹೇಳುತ್ತದೆ. ಬಿಡಿಸಿದರೆ 'ಕೇಳಿದ್ದನ್ನು ಒಪ್ಪಿಕೊಳ್ಳುವುದು'. ವೈದ್ಯರು ಹೇಳಿದ್ದು ಇಷ್ಟು: ನಾನು ಕಣ್ಣಾರೆ ಕಂಡದ್ದಕ್ಕೆ ಮಾತ್ರ 'ಮೊ' ಅನ್ನಬಹುದು. ಬೇರೆಯವರು ಹೇಳಿದ್ದು, ಎಷ್ಟೇ ದೊಡ್ಡವರು ಹೇಳಿರಲಿ, 'ಗ್ಬಾಗ್ಬೊ'. ಪರೀಕ್ಷೆ ಮಾಡಿ ಕಣ್ಣಿಂದ ಕಂಡರೆ ಆಗ ಬಡ್ತಿ.

ಈಗ ಇಂಗ್ಲಿಷಿನವರ ಕಡೆ ನೋಡಿ. ಶಾಲೆಯಲ್ಲಿ, ಪುಸ್ತಕದಲ್ಲಿ ಕಲಿತದ್ದಕ್ಕೆಲ್ಲ ಅವರು 'ಗೊತ್ತು' ಅನ್ನುತ್ತಾರೆ. ಭೂಮಿ ಸೂರ್ಯನನ್ನು ಸುತ್ತುವುದನ್ನು ಎಷ್ಟು ಜನ ಕಂಡಿದ್ದಾರೆ? ಯೊರುಬಾ ಅಳತೆಯಲ್ಲಿ ನಮ್ಮ ಡಿಗ್ರಿಗಳಲ್ಲಿ ಬಹುಪಾಲು ಬರೀ ಗ್ಬಾಗ್ಬೊ. ಆಫ್ರಿಕಾದ ಹಳ್ಳಿಯವರು ಕೇಳಿದ್ದನ್ನೆಲ್ಲ ನಂಬುತ್ತಾರೆ, ತಾವು ಮಾತ್ರ ಪರೀಕ್ಷಿಸುತ್ತೇವೆ ಅಂದುಕೊಂಡಿದ್ದ ವಿದ್ವಾಂಸರಿಗೆ ಇದು ಒಳ್ಳೇ ಏಟು.

ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ. ಬಾಲ ಇದೆ. "ಮಂಡ್ಯದಲ್ಲಿ ಮಳೆ ಬಂತು" ಅಂದರೆ ಮಾತಿನ ಜವಾಬ್ದಾರಿ ನನ್ನದು. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದರು, ನಾನಂತೂ ನೋಡಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆಯಂತೂ ಯೊರುಬಾ ವೈದ್ಯರಿಗಿಂತ ಒಂದು ಹೆಜ್ಜೆ ಮುಂದೆ.

ಭಾಷೆ ತಿಳಿಯದೆ ಅನುವಾದ ಮಾಡಿದರೆ ಏನು ಕೆಡುತ್ತದೆ?

ಉಗಾಂಡಾದ ಕವಿ ಮತ್ತು ಮಾನವಶಾಸ್ತ್ರಜ್ಞ ಓಕೊಟ್ ಪ ಬಿಟೆಕ್ ಹೇಳಿದ ಕತೆ ಇದಕ್ಕೆ ಸರಿಯಾದ ಉತ್ತರ. 1911ರಲ್ಲಿ ಇಟಲಿಯ ಕ್ಯಾಥೊಲಿಕ್ ಪಾದ್ರಿಗಳು ಅಲ್ಲಿನ ಅಚೋಲಿ ಜನರ ಹಿರಿಯರನ್ನು ಕೂರಿಸಿಕೊಂಡು "ನಿಮ್ಮನ್ನು ಸೃಷ್ಟಿಸಿದವರು ಯಾರು?" ಅಂತ ಕೇಳಿದರು. ಅಚೋಲಿಯಲ್ಲಿ ಸೃಷ್ಟಿ ಅನ್ನುವುದಕ್ಕೆ ಪದ ಇಲ್ಲ. ಹಾಗಾಗಿ ಪ್ರಶ್ನೆ "ನಿಮ್ಮನ್ನು ಮೆತ್ತಿ ಮಾಡಿದವರು ಯಾರು?" ಅಂತಾಯಿತು, ಮಣ್ಣಿನ ಮಡಕೆಗೆ ಹೇಳುವ ಹಾಗೆ. ಹಿರಿಯರಿಗೆ ತಲೆಬುಡ ತಿಳಿಯಲಿಲ್ಲ. ಮನುಷ್ಯರನ್ನು ತಾಯಿ ಹೆರುತ್ತಾಳೆ, ಮೆತ್ತುವುದೇನು ಬಂತು? ಗೊತ್ತಿಲ್ಲ ಅಂದರು. ಪಾದ್ರಿಗಳು ಬಿಡಲಿಲ್ಲ. ಕೊನೆಗೆ ಒಬ್ಬ ಹಿರಿಯನಿಗೆ ಒಂದು ಸಂಗತಿ ನೆನಪಾಯಿತು. ಸರಿಯಾಗಿ ಹುಟ್ಟಿದ ಮನುಷ್ಯನಿಗೂ ಬೆನ್ನುಮೂಳೆಯ ಕ್ಷಯ ಬಂದರೆ ಮೈ ಬಾಗುತ್ತದೆ, ಗೂನು ಬೀಳುತ್ತದೆ, ಯಾರೋ ಮೆತ್ತಿದ ಹಾಗೆ ಆಗುತ್ತದೆ. ಅದನ್ನು ಮಾಡುವ ದುಷ್ಟ ಶಕ್ತಿಗೆ ರುಬಾಂಗಾ ಅಂತ ಹೆಸರು. "ಜನರನ್ನು ಮೆತ್ತುವವನು ರುಬಾಂಗಾ" ಅಂದ.

ಪಾದ್ರಿಗಳು ಖುಷಿಯಿಂದ ಬರೆದುಕೊಂಡರು. ಅಂದಿನಿಂದ ಅಚೋಲಿ ಕ್ರೈಸ್ತರ ದೇವರ ಹೆಸರು ಅದೇ. ಬೈಬಲಿನಲ್ಲಿ 'ಆದಿಯಲ್ಲಿ ವಾಕ್ಯವಿತ್ತು' ಅಂತ ಬರುತ್ತದಲ್ಲ, ಅದು ಅಚೋಲಿಯಲ್ಲಿ ಹಳಬರ ಕಿವಿಗೆ 'ಬಹಳ ಹಿಂದೆ ಸುದ್ದಿ ಇತ್ತು, ಸುದ್ದಿ ಗೂನು ಬೆನ್ನಿನ ದೆವ್ವದ ಹತ್ತಿರ ಇತ್ತು' ಅಂತ ಕೇಳಿಸಿರಬೇಕು ಅಂತ ಓಕೊಟ್ ಬರೆದರು.

ನಗು ಬರುತ್ತದೆ, ನಿಜ. ಆದರೆ ಇದರ ತಿರುವು ನೋಡಿ. ಆಮೇಲೆ ಬಂದ ಸಂಶೋಧಕರು 'ಅಚೋಲಿ ಜನರಿಗೂ ಸೃಷ್ಟಿಕರ್ತನ ಕಲ್ಪನೆ ಇತ್ತು' ಅಂತ ಬರೆಯಲು ಇದೇ ಹೆಸರು ಆಧಾರ ಆಯಿತು. ಪ್ರಶ್ನೆಯೇ ಉತ್ತರವನ್ನು ಹೆತ್ತಿತು. ಓಕೊಟ್ ಸಿಟ್ಟು ಪಾದ್ರಿಗಳ ಮೇಲಿಗಿಂತ ಈ ವಿದ್ವಾಂಸರ ಮೇಲೆ ಜಾಸ್ತಿ.

ಆಫ್ರಿಕಾದಲ್ಲಿ ಬರೆದಿಟ್ಟ ತತ್ವಶಾಸ್ತ್ರ ಹಿಂದೆ ಇರಲೇ ಇಲ್ಲವಾ?

ಇತ್ತು. ಇಥಿಯೋಪಿಯಾದಲ್ಲಿ ಗೀಝ್ ಭಾಷೆ, ಅದಕ್ಕೆ ತನ್ನದೇ ಲಿಪಿ. ಝೆರಾ ಯಾಕೋಬ್ ಅನ್ನುವವನು ರಾಜನ ಕಾಟದಿಂದ ತಪ್ಪಿಸಿಕೊಂಡು ಗುಹೆಯಲ್ಲಿದ್ದು ಯೋಚಿಸಿ, 1667ರಲ್ಲಿ ಬರೆದ ಅನ್ನಲಾದ ಗ್ರಂಥ ಗೀಝ್‌ನಲ್ಲಿದೆ. 'ಅನ್ನಲಾದ' ಯಾಕೆ ಅಂದರೆ, ಅದನ್ನು ಹತ್ತೊಂಬತ್ತನೇ ಶತಮಾನದ ಇಟಲಿಯ ಪಾದ್ರಿಯೊಬ್ಬ ಬರೆದ ಅಂತ 1920ರಲ್ಲಿ ಇಟಲಿಯ ವಿದ್ವಾಂಸ ಕೊಂಟಿ ರೊಸ್ಸಿನಿ ವಾದ ಹೂಡಿದರು. ಜಗಳ ಇನ್ನೂ ಮುಗಿದಿಲ್ಲ. ಈಗಿನ ಮಾಲಿ ದೇಶದ ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ (1556–1627) ಬರೆದದ್ದು ಅರಬ್ಬಿಯಲ್ಲಿ. ಈಗಿನ ಉತ್ತರ ನೈಜೀರಿಯಾದ ಸೊಕೊಟೊದಲ್ಲಿ ಕವಯಿತ್ರಿ ನಾನಾ ಅಸ್ಮಾವು (1793–1864) ಅರಬ್ಬಿ, ಫುಲ್‌ಫುಲ್ಡೆ, ಹೌಸಾ ಮೂರರಲ್ಲೂ ಬರೆದಳು. ಹೌಸಾವನ್ನು ಅರಬ್ಬಿ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಅಜಮಿ ಅನ್ನುತ್ತಾರೆ. ಹಳ್ಳಿ ಹೆಂಗಸರಿಗೆ ಬಾಯಿಪಾಠ ಆಗಲಿ ಅಂತ ಪದ್ಯದಲ್ಲೇ ಪಾಠ ಕಟ್ಟಿದಳು.

ಇನ್ನು ಆಂಟನ್ ವಿಲ್ಹೆಲ್ಮ್ ಆಮೊ. ಈಗಿನ ಘಾನಾದ ಆಕ್ಸಿಮ್ ಹತ್ತಿರ ಹುಟ್ಟಿ, ಮಗುವಾಗಿದ್ದಾಗಲೇ ಯುರೋಪಿಗೆ ಸಾಗಿಸಲ್ಪಟ್ಟು, ಜರ್ಮನಿಯಲ್ಲಿ ಪ್ರೊಫೆಸರಾದವನು. 1734ರ ಅವನ ಪ್ರಬಂಧ ಲ್ಯಾಟಿನ್‌ನಲ್ಲಿದೆ. ಅದು ಆಫ್ರಿಕಾದ ತತ್ವಶಾಸ್ತ್ರವೋ ಅಲ್ಲವೋ ಅಂತ ಕೇಳಿದರೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಬೇಕಾದರೆ ಆಫ್ರಿಕಾದವನ ತತ್ವಶಾಸ್ತ್ರ ಅನ್ನಿ.

ಬರೆಯದ ಹಿರಿಯರ ಮಾತು ಲೆಕ್ಕಕ್ಕಿಲ್ಲವಾ?

ಕೀನ್ಯಾದ ತತ್ವಜ್ಞಾನಿ ಒಡೆರಾ ಒರುಕಾ (1944–1995) ಇದಕ್ಕೇ ಟೇಪ್ ರೆಕಾರ್ಡರ್ ಹಿಡಿದು ಹೊರಟರು. ಊರಿನ ಗಾದೆ ಒಪ್ಪಿಸುವವರನ್ನು ಅವರು ತತ್ವಜ್ಞಾನಿ ಅನ್ನಲಿಲ್ಲ. ಗಾದೆಯನ್ನೇ ತಿರುಗಿ ಪ್ರಶ್ನಿಸುವ ಹಿರಿಯರನ್ನು ಹುಡುಕಿದರು. ಮಾತುಕತೆ ಆ ಹಿರಿಯರ ಭಾಷೆಯಲ್ಲೇ ನಡೆಯುತ್ತಿತ್ತು. ಪ್ರಕಟವಾದದ್ದು ಇಂಗ್ಲಿಷಿನಲ್ಲಿ.

ಅಷ್ಟೆಲ್ಲ ಇದ್ದೂ ಇಂಗ್ಲಿಷ್, ಫ್ರೆಂಚ್ ಯಾಕೆ ಬಿಡುವುದಿಲ್ಲ?

ಶಾಲೆ. ಮೊದಲ ಕಾರಣ ಅದೇ.

ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯೊಂಗೊ (1938–2025) ತಮ್ಮ ಬಾಲ್ಯದ ಒಂದು ಗುಂಡಿಯ ಬಗ್ಗೆ ಬರೆದಿದ್ದಾರೆ, ಅಂಗಿಯ ಗುಂಡಿ. ಬೆಳಿಗ್ಗೆ ಅದನ್ನು ಒಬ್ಬ ಹುಡುಗನ ಕೈಗೆ ಕೊಡುತ್ತಿದ್ದರು. ಯಾರಾದರೂ ಮನೆಮಾತಾದ ಗಿಕುಯು ಮಾತಾಡಿದ್ದು ಕಿವಿಗೆ ಬಿದ್ದರೆ ಅವನಿಗೆ ದಾಟಿಸಬೇಕು. ಸಂಜೆ ಯಾರ ಕೈಯಲ್ಲಿದೆಯೋ ಅವನು ತನಗೆ ಕೊಟ್ಟವನ ಹೆಸರು ಹೇಳಬೇಕು, ಅವನು ಇನ್ನೊಬ್ಬನದು. ಹೀಗೆ ದಿನವಿಡೀ ಮನೆಮಾತು ಆಡಿದ ಅಷ್ಟೂ ಮಕ್ಕಳು ಸಿಕ್ಕಿಬೀಳುತ್ತಿದ್ದರು. ನಾನು ಓದಿದ ಶಾಲೆಯೊಂದರಲ್ಲಿ ಗುಂಡಿ ಇರಲಿಲ್ಲ, ಕ್ಲಾಸ್ ಲೀಡರ್ ಕೈಯಲ್ಲಿ ನೋಟ್‌ಬುಕ್ ಇತ್ತು. ಕನ್ನಡ ಆಡಿದರೆ ಎರಡು ರೂಪಾಯಿ. ಗೂಗಿಯ ಆ ಪುಟ ಓದುವಾಗ ನನಗೆ ಅನುವಾದ ಬೇಕಾಗಲಿಲ್ಲ.

ಎರಡನೇ ಕಾರಣ ಓದುಗರು. ಬೆನಿನ್ ದೇಶದ ತತ್ವಜ್ಞಾನಿ ಪೌಲಿನ್ ಹುಂಟೊಂಜಿ (1942–2024) ಇದನ್ನು ನಿಷ್ಠುರವಾಗಿ ಹೇಳಿದರು. ಬೆಲ್ಜಿಯಂ ಪಾದ್ರಿ ಪ್ಲಾಸಿಡ್ ಟೆಂಪೆಲ್ಸ್ 1945ರಲ್ಲಿ ಬಂಟು ಜನರ ತತ್ವಶಾಸ್ತ್ರ ಅಂತ ಪುಸ್ತಕ ತಂದಾಗ ಅದು ಮಾತಾಡುತ್ತಿದ್ದದ್ದು ಯುರೋಪಿನವರ ಜೊತೆ. ಬಂಟು ಜನ ಅದರಲ್ಲಿ ವಿಷಯ ಮಾತ್ರ, ಓದುಗರಲ್ಲ. ಆಮೇಲೆ ಆಫ್ರಿಕಾದವರೇ ಬರೆದಾಗಲೂ ಮುಖ ಹೊರಗಡೆಗೇ ಇತ್ತು. ಪ್ಯಾರಿಸ್‌ನವರಿಗೆ ನಮ್ಮಜ್ಜಿ ಏನು ನಂಬುತ್ತಿದ್ದಳು ಅಂತ ವಿವರಿಸುವುದು. ಇಂಥ ಬರಹದಲ್ಲಿ ಜಗಳ ಹುಟ್ಟುವುದಿಲ್ಲ, ಯಾಕೆಂದರೆ ಅಜ್ಜಿ ಅದನ್ನು ಓದುವುದಿಲ್ಲ.

ಈ ಮಾತು ನನಗೆ ಪದಗಳ ಕೊರತೆಗಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಭಾಷೆಯಲ್ಲಿ ತತ್ವಶಾಸ್ತ್ರ ಬೆಳೆಯಲು ಆ ಭಾಷೆಯಲ್ಲೇ "ಇದು ಸರಿಯಿಲ್ಲ ಕಣಯ್ಯಾ" ಅನ್ನುವ ಇನ್ನೊಬ್ಬ ಬೇಕು. ಹಾಗೆ ನೋಡಿದರೆ ವಿರೆಡು ಅಕಾನಿನಲ್ಲಿ ಯೋಚಿಸಿ ಅಂದರು, ಬಹುತೇಕ ಎಲ್ಲವನ್ನೂ ಬರೆದದ್ದು ಇಂಗ್ಲಿಷಿನಲ್ಲಿ. ಹುಂಟೊಂಜಿ ಹೊರಮುಖದ ಬಗ್ಗೆ ಬೈದದ್ದು ಫ್ರೆಂಚಿನಲ್ಲಿ.

ಆಧುನಿಕ ವಿಚಾರಗಳಿಗೆ ಆ ಭಾಷೆಗಳಲ್ಲಿ ಪದಗಳೇ ಇಲ್ಲವಲ್ಲ?

ಸೆನೆಗಲ್‌ನ ಇತಿಹಾಸಕಾರ ಷೇಕ್ ಅಂತಾ ಜೋಪ್ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತದ ಭಾಗಗಳನ್ನು ತಮ್ಮ ನಾಡಿನ ವೊಲೊಫ್ ಭಾಷೆಗೆ ತಂದು ತೋರಿಸಿದ್ದಾರೆ. ಇನ್ನು ಡೇಕಾರ್ಟ್. 1637ರಲ್ಲಿ ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿತ್ತು. ಅವನು ಅದನ್ನು ಬಿಟ್ಟು ಆಡುಮಾತಾದ ಫ್ರೆಂಚಿನಲ್ಲಿ ಬರೆದ. ಪದ ಮೊದಲೇ ತಯಾರಾಗಿ ಕೂತಿರುವುದಿಲ್ಲ, ಬಳಸುತ್ತಾ ಆಗುತ್ತದೆ.

ಗೂಗಿ ಇಂಗ್ಲಿಷ್ ಬಿಟ್ಟರಲ್ಲ, ಏನಾಯಿತು?

1977ರಲ್ಲಿ ಕಮಿರೀತು ಅನ್ನುವ ಊರಿನಲ್ಲಿ ರೈತರು, ಕೂಲಿಗಳ ಜೊತೆ ಸೇರಿ ಗಿಕುಯುನಲ್ಲಿ ನಾಟಕ ಆಡಿಸಿದರು. ಇಂಗ್ಲಿಷಿನಲ್ಲಿ ಸರ್ಕಾರವನ್ನು ಕಟುವಾಗಿ ಟೀಕಿಸಿದಾಗ ಸುಮ್ಮನಿದ್ದವರು ಈಗ ಸುಮ್ಮನಿರಲಿಲ್ಲ. ನಾಟಕ ನಿಂತಿತು, ವರ್ಷದ ಕೊನೆಗೆ ಅವರು ಜೈಲು ಸೇರಿದರು. ವಿಚಾರಣೆ ಇಲ್ಲದೆ ಸುಮಾರು ಒಂದು ವರ್ಷ. ಅಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯುನಲ್ಲಿ ಕಾದಂಬರಿ ಬರೆದರು. ಅದು 1980ರಲ್ಲಿ ಅಚ್ಚಾಯಿತು. ಯಾವ ಭಾಷೆ ಅನ್ನುವುದು ಬರೀ ಪಂಡಿತರ ಚರ್ಚೆ ಅನ್ನುವವರಿಗೆ ಕೀನ್ಯಾ ಸರ್ಕಾರವೇ ಉತ್ತರ ಕೊಟ್ಟಂತಾಯಿತು.

ಎಲ್ಲರಿಗೂ ಒಂದೇ ಭಾಷೆ, ಉದಾಹರಣೆಗೆ ಸ್ವಾಹಿಲಿ, ಇಟ್ಟುಕೊಂಡರೆ ಆಗದಾ?

ಕೇಳಲು ಚೆನ್ನಾಗಿದೆ. ನೈಜೀರಿಯಾದ ಸಾಹಿತಿ ವೋಲೆ ಸೊಯಿಂಕಾ ಕೂಡ ಒಂದು ಕಾಲಕ್ಕೆ ಇದನ್ನು ಮುಂದಿಟ್ಟಿದ್ದರು. 2022ರಲ್ಲಿ ಆಫ್ರಿಕನ್ ಒಕ್ಕೂಟ ಸ್ವಾಹಿಲಿಯನ್ನು ಕೆಲಸದ ಭಾಷೆ ಮಾಡಿಕೊಂಡಿತು. ತತ್ವಶಾಸ್ತ್ರಕ್ಕೆ ಸ್ವಾಹಿಲಿಯಲ್ಲಿ 'ಫಲ್ಸಫಾ' ಅನ್ನುತ್ತಾರೆ, ಪದವೂ ರೆಡಿ. ಆದರೆ ಖಂಡದಲ್ಲಿ ಸುಮಾರು ಎರಡು ಸಾವಿರ ಭಾಷೆಗಳಿವೆ. ಸೆನೆಗಲ್ ರಾಜಧಾನಿ ಡಕಾರ್‌ನ ವೊಲೊಫ್ ಹುಡುಗಿಗೆ ಸ್ವಾಹಿಲಿ ಫ್ರೆಂಚಿನಷ್ಟೇ ದೂರ. 'ಒಂದು ನಾಡಿಗೆ ಒಂದು ಭಾಷೆ' ಅನ್ನುವ ಮಾತು ನಾವೂ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅದಕ್ಕೇ ನಾನು ಇಲ್ಲಿ ಜಾಸ್ತಿ ಉತ್ಸಾಹ ತೋರಿಸುವುದಿಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಅದು ಆಫ್ರಿಕಾದ್ದಲ್ಲ ಅಂತಲಾ?

ಅಲ್ಲ. ಹಾಗಂದರೆ ಇಲ್ಲಿ ಹೆಸರಿಸಿದ ಅರ್ಧ ಜನರನ್ನು ಹೊರಗೆ ಕಳಿಸಬೇಕಾಗುತ್ತದೆ.

ಆಫ್ರಿಕಾದ ಭಾಷೆಗಳಲ್ಲೇ ಇವತ್ತು ಯಾರಾದರೂ ಬರೆಯುತ್ತಿದ್ದಾರಾ?

ಬರೆಯುತ್ತಿದ್ದಾರೆ. 2013ರಲ್ಲಿ ಚಿಕೆ ಜೆಫರ್ಸ್ ಅನ್ನುವ ತತ್ವಶಾಸ್ತ್ರದ ವಿದ್ವಾಂಸ ಒಂದು ಸಂಕಲನ ತಂದರು. ಅಕಾನ್, ವೊಲೊಫ್, ಗಿಕುಯು, ಅಮ್ಹಾರಿಕ್, ಇಗ್ಬೊ, ಲುವೊ, ಈ ಆರು ಭಾಷೆಗಳಲ್ಲಿ ತತ್ವಶಾಸ್ತ್ರದ ಹೊಸ ಪ್ರಬಂಧಗಳು, ಜೊತೆಗೆ ಇಂಗ್ಲಿಷ್ ಅನುವಾದ. ಮೂಲ ಅಲ್ಲಿನ ಭಾಷೆಯಲ್ಲಿ, ಅನುವಾದ ಇಂಗ್ಲಿಷಿನಲ್ಲಿ ಅನ್ನುವ ಈ ಕ್ರಮ ನನಗೆ ಹಿಡಿಸಿತು. ವಿರೆಡು ಅದರಲ್ಲಿ ಅಕಾನಿನಲ್ಲಿ ಬರೆದರು, ಆಗ ಅವರಿಗೆ ಎಂಬತ್ತು ದಾಟಿತ್ತು. ಸೆನೆಗಲ್‌ನ ಸುಲೇಮಾನ್ ಬಶೀರ್ ಡಿಯಾನ್ ವೊಲೊಫ್‌ನಲ್ಲಿ ಬರೆದರು. ಡಿಯಾನ್ ಅವರದು ಸ್ವಲ್ಪ ಬೇರೆ ದಾರಿ. ಯಾವುದೋ ಒಂದು ಭಾಷೆಯೊಳಗೆ ಕೂರುವುದಕ್ಕಿಂತ ಭಾಷೆಯಿಂದ ಭಾಷೆಗೆ ಓಡಾಡುವಾಗಲೇ ಯೋಚನೆ ಚುರುಕಾಗುತ್ತದೆ ಅನ್ನುವವರು ಅವರು.

ಇದನ್ನೆಲ್ಲ ಕನ್ನಡಕ್ಕೆ ತರುವವರು ಏನು ನೋಡಿಕೊಳ್ಳಬೇಕು?

ನಮಗೆ ಇವು ಬರುವುದು ಇಂಗ್ಲಿಷಿನ ಮೂಲಕ. ಅಲ್ಲೇ ಎಡವಟ್ಟು ಆಗುವುದು. ಮೊದಲು ಹೇಳಿದ ಒಕ್ರಾ ತೆಗೆದುಕೊಳ್ಳಿ. (ಇಂಗ್ಲಿಷಿನ ಬೆಂಡೆಕಾಯಿಗೂ ಇದಕ್ಕೂ ನಂಟಿಲ್ಲ.) ಇಂಗ್ಲಿಷಿನವರು ಅದನ್ನು ಕ್ರೈಸ್ತರ ಸೋಲ್ ಮಾಡಿದರು. ನಾವು ಅದನ್ನು ಎತ್ತಿಕೊಂಡು ಕಣ್ಣುಮುಚ್ಚಿ 'ಆತ್ಮ' ಅಂತ ಬರೆಯುತ್ತೇವೆ. ಆತ್ಮ ಅಂದ ಕೂಡಲೇ ಕನ್ನಡ ಓದುಗರ ತಲೆಯಲ್ಲಿ ಏನು ಬರುತ್ತದೆ? ಬೆಂಕಿ ಸುಡದ, ನೀರು ನೆನೆಸದ, ಹುಟ್ಟು ಸಾವಿಲ್ಲದ ವಸ್ತು. ಕುಮಾಸಿಯಿಂದ ಹೊರಟ ಪದ ಎರಡು ಬಸ್ಸು ಬದಲಿಸಿ ಕುರುಕ್ಷೇತ್ರದಲ್ಲಿ ಇಳಿಯಿತು.

ನಾನೂ ಒಂದು ಸಲ ಹಾಗೇ ಬರೆದಿದ್ದೆ, ಆತ್ಮ ಅಂತ. ಆಮೇಲೆ ವಿರೆಡು ಬರಹದಲ್ಲಿ ಇನ್ನೊಂದು ಮಾತು ಕಣ್ಣಿಗೆ ಬಿತ್ತು. ಕೆಲವರ ಒಕ್ರಾಗೆ ಕೆಲವು ಊಟ ಆಗಿಬರುವುದಿಲ್ಲ ಅಂತ ಅಕಾನ್ ಜನ ಹೇಳುವುದುಂಟಂತೆ. ಊಟ ಆಗದ ಆತ್ಮ! ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಬರೆದದ್ದರಲ್ಲಿ ಆತ್ಮ ಇದ್ದ ಕಡೆಯೆಲ್ಲ ಹುಡುಕಿ ಹುಡುಕಿ ಹೊಡೆದು ಹಾಕಿ, ಒಕ್ರಾ ಅಂತಲೇ ಬರೆದೆ.